ಐರ್ಲೆಂಡಿನ ಜನಪದ ವೈದ್ಯ: ಮನುಷ್ಯರ ಮದ್ದು, ದನಗಳ ಮದ್ದು

ಐರ್ಲೆಂಡಿನ ಗ್ರಾಮೀಣ ಜನರು ಕೆಲವರನ್ನು ಕುರಿತು ಮಾತನಾಡುವಾಗ ‘ಅವರಲ್ಲಿ ಕ್ಯೂರ್ ಇದೆ’ ಎನ್ನುತ್ತಾರೆ. ‘ಕ್ಯೂರ್’ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟು ಕೊಡುವ ಅರ್ಥ ಚಿಕಿತ್ಸೆ, ಗುಣಪಡಿಸುವಿಕೆ ಎಂದಷ್ಟೇ. ಐರಿಶ್ ಭಾಷೆಯಲ್ಲಿ ಇದಕ್ಕೆ ಸಂವಾದಿಯಾದ ಪದ ‘ಲೈಸ್’. ಗ್ರಾಮೀಣ ಬಳಕೆಯಲ್ಲಿ ಈ ಪದಗಳಿಗೆ ಬೇರೆಯದೇ ಆದ ತೂಕವಿದೆ. ಅಲ್ಲಿ ಕ್ಯೂರ್ ಎಂಬುದು ಮದ್ದಿನ ತಿಳಿವಳಿಕೆಗಿಂತ ಹೆಚ್ಚಿನದು: ಅದು ಒಬ್ಬರಲ್ಲಿ ನೆಲೆಸಿರುವಂಥದು, ಒಬ್ಬರಿಂದ ಮತ್ತೊಬ್ಬರಿಗೆ ದಾಟುವಂಥದು, ಕೆಲವೊಮ್ಮೆ ಕೊಟ್ಟ ಮೇಲೆ ಕೊಟ್ಟವರಲ್ಲಿ ಉಳಿಯದಂಥದು. ಒಂದೇ ಸೊಪ್ಪನ್ನು ಇಬ್ಬರು ಅರೆದು ಕಟ್ಟಿದರೂ ಒಬ್ಬರ ಕೈಯಲ್ಲಿ ವಾಸಿಯಾಗಿ ಇನ್ನೊಬ್ಬರ ಕೈಯಲ್ಲಿ ವಾಸಿಯಾಗದು ಎಂಬ ನಂಬಿಕೆಯನ್ನು ಕನ್ನಡದಲ್ಲಿ ‘ಕೈಗುಣ’ ಎಂಬ ಒಂದು ಮಾತು ಹೇಳಿಬಿಡುತ್ತದೆ. ಐರ್ಲೆಂಡಿನ ಕ್ಯೂರ್ ಕೈಗುಣಕ್ಕೆ ಹತ್ತಿರದ್ದು. ಆದರೆ ಅದಕ್ಕಿರುವಷ್ಟು ಕಟ್ಟುನಿಟ್ಟಾದ ವಾರಸುದಾರಿಕೆಯ ನಿಯಮಗಳು ಕೈಗುಣ ಎಂಬ ಪದದಲ್ಲಿ ಅಡಕವಾಗಿಲ್ಲ.

ಈ ಜನಪದ ವೈದ್ಯವನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ದಾರಿ ಹಿಡಿದಿವೆ. ಸೊಪ್ಪು ಬೇರುಗಳಲ್ಲಿ ಯಾವುದರಲ್ಲಿ ನಿಜವಾದ ಔಷಧಗುಣವಿದೆ ಎಂದು ಜರಡಿ ಹಿಡಿದು, ಮಿಕ್ಕದ್ದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸುವುದು ಒಂದು ದಾರಿ. ಎಲ್ಲವನ್ನೂ ಸಂಕೇತ, ಆಚರಣೆ ಎಂದು ಓದಿ ಔಷಧಗುಣದ ಪ್ರಶ್ನೆಯನ್ನೇ ಕೈಬಿಡುವುದು ಇನ್ನೊಂದು ದಾರಿ. ಎರಡರಲ್ಲೂ ಕ್ಯೂರ್ ಎಂಬ ಸಂಸ್ಥೆ ಕೈತಪ್ಪಿಹೋಗುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಇದನ್ನು ಪರೀಕ್ಷಿಸಲು ಮನುಷ್ಯರ ಮದ್ದಿಗಿಂತ ದನಗಳ ಮದ್ದು ಹೆಚ್ಚು ನೆರವಾಗುತ್ತದೆ. ಹಸುವಿಗೆ ವೈದ್ಯನ ಮೇಲೆ ನಂಬಿಕೆ ಇರುವುದಿಲ್ಲ. ನಂಬಿಕೆ ಇರುವುದು ಹಸುವಿನ ಒಡೆಯನಿಗೆ.

ಆಕರಗಳು

ಐರ್ಲೆಂಡಿನ ಜನಪದ ಚಿಕಿತ್ಸೆಗಳ ಬಗ್ಗೆ 19ನೆಯ ಶತಮಾನದಲ್ಲಿ ಗಂಭೀರವಾಗಿ ಬರೆದವರಲ್ಲಿ ವಿಲಿಯಂ ವೈಲ್ಡ್ ಪ್ರಮುಖರು. ಡಬ್ಲಿನ್ನಿನ ಕಣ್ಣು ಕಿವಿಗಳ ಶಸ್ತ್ರವೈದ್ಯರಾಗಿದ್ದ ಇವರು 1841 ಮತ್ತು 1851ರ ಜನಗಣತಿಗಳ ವೈದ್ಯಕೀಯ ಅಂಕಿಅಂಶಗಳ ಹೊಣೆ ಹೊತ್ತಿದ್ದರು. ಜನಪದ ನಂಬಿಕೆಗಳನ್ನು ಕುರಿತ ಅವರ ಪುಸ್ತಕ 1852ರಲ್ಲಿ, ಮಹಾಕ್ಷಾಮದ ನೆರಳಿನಲ್ಲಿಯೇ ಹೊರಬಂದಿತು. ಕ್ಷಾಮದಲ್ಲಿ ಸತ್ತವರ ಮತ್ತು ದೇಶ ಬಿಟ್ಟವರ ಜೊತೆಗೆ ಈ ನಂಬಿಕೆಗಳೂ ಅಳಿಯುತ್ತಿವೆ ಎಂಬ ಆತಂಕ ಆ ಪುಸ್ತಕದಲ್ಲಿದೆ. ಅವರ ಪತ್ನಿ ಜೇನ್ ವೈಲ್ಡ್ 1887 ಮತ್ತು 1890ರಲ್ಲಿ ಪ್ರಕಟಿಸಿದ ಸಂಕಲನಗಳಲ್ಲಿ ಚಿಕಿತ್ಸೆ, ಮಂತ್ರ, ತಾಯತಗಳ ವಿವರಗಳು ಹೇರಳವಾಗಿವೆ. (ನಾಟಕಕಾರ ಆಸ್ಕರ್ ವೈಲ್ಡ್ ಈ ದಂಪತಿಯ ಮಗ.) ಆದರೆ ಯಾವ ಊರಿನಲ್ಲಿ, ಯಾರಿಂದ, ಯಾವಾಗ ಕೇಳಿದ್ದು ಎಂಬುದನ್ನು ಆ ಸಂಕಲನಗಳು ಬಹುಮಟ್ಟಿಗೆ ಹೇಳುವುದಿಲ್ಲ. ಸಂಶೋಧಕನಿಗೆ ಇದು ದೊಡ್ಡ ಕೊರತೆ.

ಆ ಕೊರತೆಯನ್ನು ತುಂಬಿದ್ದು 1935ರಲ್ಲಿ ಸರಕಾರದ ಧನಸಹಾಯದಿಂದ ಸ್ಥಾಪಿತವಾದ ಐರಿಶ್ ಜಾನಪದ ಆಯೋಗ. ಇದರ ನಿರ್ದೇಶಕರಾಗಿದ್ದವರು ಜೇಮ್ಸ್ ಡೆಲಾರ್ಗಿ. ಆಯೋಗದ ದಾಖಲೆಪಾಲ ಶಾನ್ ಓ ಸೂಲಿವಾನ್ ಸ್ವೀಡನ್ನಿನ ಉಪ್ಸಾಲದ ವರ್ಗೀಕರಣ ಪದ್ಧತಿಯನ್ನು ಐರ್ಲೆಂಡಿಗೆ ಒಗ್ಗಿಸಿ, ಕ್ಷೇತ್ರಕಾರ್ಯಕರ್ತರಿಗಾಗಿ 1942ರಲ್ಲಿ ಒಂದು ಬೃಹತ್ ಕೈಪಿಡಿಯನ್ನು ಹೊರತಂದರು. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು ಇದಕ್ಕೂ ಮೊದಲು, 1937ರಿಂದ 1939ರವರೆಗೆ ನಡೆದ ಶಾಲಾ ಸಂಗ್ರಹ ಯೋಜನೆ. 26 ಕೌಂಟಿಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಗಳ ಮಕ್ಕಳು ಪ್ರಬಂಧ ಬರೆಯುವ ಅವಧಿಯಲ್ಲಿ ಅದರ ಬದಲು ತಮ್ಮ ಮನೆಯ, ನೆರೆಹೊರೆಯ ಹಿರಿಯರನ್ನು ಕೇಳಿ ಬರೆದು ತಂದರು. ಒಟ್ಟು ಸುಮಾರು 7,40,000 ಪುಟಗಳಷ್ಟು ಸಾಮಗ್ರಿ ಹೀಗೆ ಕೂಡಿಬಂದಿತು. ಇಂದು ಅದು ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನ ರಾಷ್ಟ್ರೀಯ ಜಾನಪದ ಸಂಗ್ರಹದ ಭಾಗವಾಗಿದೆ. ಆಯೋಗದ ಸಂಗ್ರಹವನ್ನು 2017ರಲ್ಲಿ ಯುನೆಸ್ಕೋ ‘ವಿಶ್ವಸ್ಮೃತಿ’ ದಾಖಲೆಗೆ ಸೇರಿಸಿತು.

ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳು ಬರೆದದ್ದು ಎಂಬ ಕಾರಣಕ್ಕೆ ಈ ಸಾಮಗ್ರಿಯನ್ನು ಹಗುರವಾಗಿ ಕಾಣುವವರಿದ್ದಾರೆ. ಈ ಲೇಖಕನ ಅಭಿಪ್ರಾಯ ಬೇರೆ. ಮಕ್ಕಳು ತಾವು ಕೇಳಿದ್ದನ್ನು ತಿದ್ದಿ ತೀಡಿ ಸಿದ್ಧಾಂತ ಮಾಡುವುದಿಲ್ಲ. ಹೇಳಿದವರ ಹೆಸರು, ವಯಸ್ಸು, ಊರುಗಳನ್ನು ಬರೆದುಕೊಳ್ಳಲು ಅವರಿಗೆ ಸೂಚಿಸಲಾಗಿತ್ತು. ವೈಲ್ಡ್ ದಂಪತಿಯ ಪುಸ್ತಕಗಳಲ್ಲಿ ಇಲ್ಲದಿದ್ದ ವಿಳಾಸ ಇಲ್ಲಿದೆ. ಇನ್ನೊಂದು ಮಿತಿಯನ್ನು ಮಾತ್ರ ಒಪ್ಪಲೇಬೇಕು. ಮಕ್ಕಳ ಬರಹದಲ್ಲಿ ಹೆರಿಗೆ, ಬಸಿರು, ಗುಹ್ಯರೋಗಗಳ ಮದ್ದುಗಳು ಸಹಜವಾಗಿಯೇ ವಿರಳ. ಸೂಲಗಿತ್ತಿಯರ ಜ್ಞಾನವನ್ನು ಈ ಸಂಪುಟಗಳಲ್ಲಿ ಹುಡುಕುವುದು ವ್ಯರ್ಥ.

ಕ್ಯೂರ್ ಯಾರಲ್ಲಿದೆ?

ಕ್ಯೂರ್ ಒಬ್ಬರಿಗೆ ಬರುವ ದಾರಿಗಳು ಹಲವು. ಹುಟ್ಟಿನಿಂದ ಬರುವುದು ಒಂದು. ನಡುವೆ ಹೆಣ್ಣುಮಗು ಹುಟ್ಟದೆ ಸಾಲಾಗಿ ಹುಟ್ಟಿದ ಏಳನೆಯ ಮಗನಿಗೆ, ಅದರಲ್ಲೂ ಏಳನೆಯ ಮಗನ ಏಳನೆಯ ಮಗನಿಗೆ ಹುಳುಕಡ್ಡಿ ಮೊದಲಾದ ರೋಗಗಳನ್ನು ವಾಸಿಮಾಡುವ ಶಕ್ತಿಯಿರುತ್ತದೆ ಎಂಬ ನಂಬಿಕೆ ದೇಶದಾದ್ಯಂತ ಇದೆ. ಇಂಥ ಹಸುಗೂಸಿನ ಅಂಗೈಯಲ್ಲಿ ಎರೆಹುಳುವನ್ನಿಟ್ಟು ನೋಡುತ್ತಿದ್ದರು. ಹುಳು ಸತ್ತರೆ ಶಕ್ತಿ ಇದೆ ಎಂದು ಅರ್ಥ. ತಂದೆಯ ಮುಖವನ್ನೇ ಕಾಣದೆ ಹುಟ್ಟಿದ ಮಗು ಬೆಳೆದ ಮೇಲೆ ಎಳೆಯ ಮಕ್ಕಳ ಬಾಯಿಹುಣ್ಣಿಗೆ ಮದ್ದಾಗುತ್ತದೆ. ಅದು ರೋಗಿಷ್ಠ ಮಗುವಿನ ಬಾಯಿಯೊಳಕ್ಕೆ ಉಸಿರೂದಿದರೆ ಸಾಕು. ಕಿಯೋ, ಕೇಹಿಲ್ ಮುಂತಾದ ಕೆಲವು ಮನೆತನಗಳವರ ರಕ್ತದ ಒಂದು ಹನಿ ಸರ್ಪಸುತ್ತಿನಂಥ ಚರ್ಮರೋಗಗಳನ್ನು ಗುಣಪಡಿಸುತ್ತದೆ ಎನ್ನುತ್ತಿದ್ದರು.

ಮದುವೆಯಿಂದಲೂ ಕ್ಯೂರ್ ಬರುತ್ತದೆ. ತನ್ನ ಕುಲನಾಮವನ್ನೇ ಹೊತ್ತ ಬೇರೊಂದು ಕುಟುಂಬದ ಗಂಡನ್ನು ವರಿಸಿ, ಮದುವೆಯ ನಂತರವೂ ಹೆಸರು ಬದಲಾಗದ ಹೆಣ್ಣು ಕೊಟ್ಟ ಬ್ರೆಡ್ ನಾಯಿಕೆಮ್ಮಿಗೆ ಮದ್ದು. ಆಕಸ್ಮಿಕವಾಗಿಯೂ ಬರಬಹುದು. ಬಿಳಿಯ ಅಥವಾ ಕಪ್ಪುಬಿಳುಪಿನ ಕುದುರೆ ಏರಿ ದಾರಿಯಲ್ಲಿ ಹೋಗುವವನನ್ನು ತಡೆದು ನಾಯಿಕೆಮ್ಮಿಗೆ ಏನು ಮಾಡಬೇಕೆಂದು ಕೇಳಬೇಕು. ಅವನು ಏನು ಹೇಳಿದರೂ ಅದೇ ಮದ್ದು. ವೈದ್ಯದ ಗಂಧವಿಲ್ಲದ ಯಾವನೋ ದಾರಿಹೋಕ ಕುದುರೆಯ ಬಣ್ಣದ ದೆಸೆಯಿಂದ ಕ್ಷಣಮಾತ್ರ ವೈದ್ಯನಾಗುವ ಈ ಸನ್ನಿವೇಶ ಕ್ಯೂರಿನ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಇನ್ನು ಗಳಿಸಿಕೊಳ್ಳುವ ದಾರಿಗೆ ಉತ್ತಮ ನಿದರ್ಶನ ಸುಟ್ಟಗಾಯದ ಕ್ಯೂರ್. ಜೌಗುನೆಲದಲ್ಲಿ ಸಿಗುವ ನ್ಯೂಟ್ ಎಂಬ ಹಲ್ಲಿಯಾಕಾರದ ಜೀವಿಯ ಮೈಯನ್ನು ನೆಕ್ಕಿದವನ ನಾಲಗೆಗೆ ಸುಟ್ಟಗಾಯವನ್ನು ನೆಕ್ಕಿ ವಾಸಿಮಾಡುವ ಗುಣ ಬರುತ್ತದೆ. ವಿಚಿತ್ರವೆಂದರೆ ಇದೇ ಜೀವಿ, ಹೊಲದಲ್ಲಿ ಬಾಯಿ ತೆರೆದು ಮಲಗಿದವನ ಹೊಟ್ಟೆಯೊಳಕ್ಕೆ ಇಳಿದು ಅವನು ತಿಂದದ್ದನ್ನೆಲ್ಲ ತಿಂದುಹಾಕುತ್ತದೆ ಎಂಬ ಭಯವೂ ಇತ್ತು.

ಕುಟುಂಬದಲ್ಲಿ ಇಳಿದುಬರುವ ಕ್ಯೂರ್‌ಗಳಿಗೆ ನಿಯಮಗಳಿವೆ. ಹಲವೆಡೆ ಅದು ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಮಾತ್ರ ದಾಟಬೇಕು. ದಾಟಿಸಿದವರಲ್ಲಿ ಆ ಶಕ್ತಿ ಉಳಿಯುವುದಿಲ್ಲ. ಹಣ ಮುಟ್ಟಬಾರದು. ರೋಗಿಯು ‘ಧನ್ಯವಾದ’ ಎನ್ನಕೂಡದು. ಭೇಟಿಯ ದಿನಗಳೂ ನಿಗದಿಯಾಗಿದ್ದವು. ಎರಡು ಸೋಮವಾರ ಮತ್ತು ಒಂದು ಗುರುವಾರ ಎಂಬ ಕಟ್ಟಳೆ ಅನೇಕ ಕಡೆ ದಾಖಲಾಗಿದೆ. ಹಣ ಮುಟ್ಟದ ನಾಟಿ ವೈದ್ಯರನ್ನು ಕಂಡ ಕನ್ನಡ ಓದುಗರಿಗೆ ಮೊದಲ ನಿಯಮ ಹೊಸದೆನಿಸದು. ಆದರೆ ಕೃತಜ್ಞತೆಯ ಮಾತನ್ನೂ ನಿಷೇಧಿಸುವುದು ಗಮನಾರ್ಹ. ಕ್ಯೂರ್ ಕೊಡುವವನು ಕೇವಲ ಪಾಲಕ, ಮಾಲಿಕನಲ್ಲ. ತನ್ನದಲ್ಲದ್ದನ್ನು ಕೊಟ್ಟವನಿಗೆ ವಂದನೆ ಸಲ್ಲುವುದಾದರೂ ಹೇಗೆ? ಕುದುರೆ ಸವಾರನ ನಿದರ್ಶನವನ್ನೂ ಈ ಬೆಳಕಿನಲ್ಲಿ ಓದಬಹುದು.

ಇದು ಬಡವರ ಅನಿವಾರ್ಯವಾಗಿತ್ತು ಎಂಬ ವಿವರಣೆಯೂ ಉಂಟು. 1851ರ ಕಾಯಿದೆಯ ಪ್ರಕಾರ ಐರ್ಲೆಂಡಿನಾದ್ಯಂತ ಬಡವರಿಗಾಗಿ ಔಷಧಾಲಯ ವಲಯಗಳು ಏರ್ಪಟ್ಟವು. ವೈದ್ಯರು ಅಷ್ಟಿಷ್ಟಾದರೂ ಕೈಗೆಟುಕುವಂತಾದರು. ಆದರೂ ಕ್ಯೂರ್ ಅಳಿಯಲಿಲ್ಲ. ಸರ್ಪಸುತ್ತು, ಹುಳುಕಡ್ಡಿ, ಸುಟ್ಟಗಾಯ, ನರುಳ್ಳೆ, ಉಳುಕುಗಳಿಗೆ ಕ್ಯೂರ್ ಇರುವವರನ್ನು ಹುಡುಕಿಕೊಂಡು ಹೋಗುವವರು ಇಂದಿಗೂ ಇದ್ದಾರೆ, ಅವರಲ್ಲಿ ಹೆಚ್ಚಿನವರು ವೈದ್ಯರನ್ನೂ ಕಾಣುತ್ತಾರೆ. ಆದ್ದರಿಂದ ಬಡತನದ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ.

ಸೊಪ್ಪು, ಬೇರು, ಕಡಲಪಾಚಿ

ಮೂಲಿಕೆಗಳ ವಿಷಯದಲ್ಲಿ ಐರಿಶ್ ಪುರಾಣವೇ ಒಂದು ಕಥೆ ಹೇಳುತ್ತದೆ. ದೇವವೈದ್ಯ ಡಿಯಾನ್ ಕೆಕ್ಟ್ ತನ್ನನ್ನು ಮೀರಿಸಿದ ಮಗ ಮಿಯಾಕ್‌ನನ್ನು ಅಸೂಯೆಯಿಂದ ಕೊಂದನು. ಸಮಾಧಿಯ ಮೇಲೆ ಅವನ ಕೀಲು ನರಗಳ ಎಣಿಕೆಗೆ ಸರಿಯಾಗಿ 365 ಮೂಲಿಕೆಗಳು ಹುಟ್ಟಿದವು. ತಂಗಿ ಏರ್ಮೆಡ್ ಅವುಗಳನ್ನು ತನ್ನ ಮೇಲುಹೊದಿಕೆಯ ಮೇಲೆ ಗುಣಾನುಸಾರ ಜೋಡಿಸಿದಳು. ತಂದೆ ಬಂದು ಅವೆಲ್ಲವನ್ನೂ ಕಲಸಿಬಿಟ್ಟನು. ಹೀಗಾಗಿ ಮೂಲಿಕೆಗಳ ಪೂರ್ಣ ಜ್ಞಾನ ಯಾರಿಗೂ ದಕ್ಕದೆ ಹೋಯಿತು. ಜ್ಞಾನವು ಚೂರುಚೂರಾಗಿ ಹಲವರ ಕೈಯಲ್ಲಿ ಹಂಚಿಹೋಗಿದೆ, ಒಬ್ಬೊಬ್ಬರಲ್ಲಿ ಒಂದೊಂದೇ ಕ್ಯೂರ್ ಇರುತ್ತದೆ ಎಂಬ ಜನಪದ ತಿಳಿವಳಿಕೆಗೆ ಈ ಕಥೆ ಚೆನ್ನಾಗಿ ಹೊಂದುತ್ತದೆ.

ಮೂಲಿಕೆಗಳಲ್ಲಿ ನಿಜವಾದ ಗುಣವುಳ್ಳವು ಹಲವಿವೆ. ಬೆಟ್ಟದ ಹುಲ್ಲುಗಾವಲಿನಲ್ಲಿ ಹಳದಿ ಹೂ ಬಿಡುವ ಟಾರ್ಮೆಂಟಿಲ್ ಎಂಬ ಪುಟ್ಟ ಗಿಡದ ಬೇರನ್ನು ಹಾಲಿನಲ್ಲಿ ಕುದಿಸಿ ಭೇದಿಗೆ ಕೊಡುತ್ತಿದ್ದರು, ಮನುಷ್ಯರಿಗೂ ಕರುಗಳಿಗೂ. ಇದರಲ್ಲಿ ಟ್ಯಾನಿನ್ ಅಂಶ ಹೇರಳವಾಗಿದೆ. ಮರದ ತೊಗಟೆ ದುರ್ಲಭವಾದ ಕಡೆ ತೊಗಲು ಹದಮಾಡಲೂ ಇದೇ ಬೇರನ್ನು ಬಳಸುತ್ತಿದ್ದರು. ತೊಗಲನ್ನು ಬಿಗಿಗೊಳಿಸುವ ಒಗರೇ ಕರುಳನ್ನೂ ಬಿಗಿಗೊಳಿಸುತ್ತದೆ ಎಂಬುದು ಒಕ್ಕಲಿಗನ ಅನುಭವ. ರಸಾಯನಶಾಸ್ತ್ರ ಇದನ್ನು ಅಲ್ಲಗಳೆಯುವುದಿಲ್ಲ. ಕಾಮ್‌ಫ್ರೀ ಗಿಡಕ್ಕೆ ಐರಿಶ್ ಭಾಷೆಯಲ್ಲಿ ‘ಮುರಿದ ಮೂಳೆಗಳ ಸೊಪ್ಪು’ ಎಂಬ ಅರ್ಥದ ಹೆಸರೇ ಇದೆ. ಇದರ ಬೇರನ್ನು ಜಜ್ಜಿ ಉಳುಕು, ಮೂಳೆಮುರಿತಗಳಿಗೆ ಪಟ್ಟು ಹಾಕುತ್ತಿದ್ದರು. ಗಾಯ ಕೂಡಿಕೊಳ್ಳಲು ನೆರವಾಗುವ ಅಲಂಟೋಯಿನ್ ಎಂಬ ಪದಾರ್ಥ ಇದರಲ್ಲಿದೆ, ಯಕೃತ್ತಿಗೆ ಕೆಡುಕು ಮಾಡುವ ಕ್ಷಾರಸತ್ತ್ವಗಳೂ ಇವೆ. ಆದ್ದರಿಂದ ಹೊಟ್ಟೆಗೆ ತೆಗೆದುಕೊಳ್ಳುವುದನ್ನು ಇಂದು ವೈದ್ಯರು ಬೇಡವೆನ್ನುತ್ತಾರೆ. ಕಡಲ ಬಂಡೆಗಳಿಂದ ಕಿತ್ತು ಒಣಗಿಸಿದ ಕ್ಯಾರಗೀನ್ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಕೆಮ್ಮು, ಎದೆಕಟ್ಟುಗಳಿಗೆ ಕುಡಿಯುವುದು ಕರಾವಳಿಯಲ್ಲಿ ಈಗಲೂ ಇದೆ. ವಸಂತದಲ್ಲಿ ತುರಚಿ ಗಿಡದ ಎಳೆಯ ಕುಡಿಗಳನ್ನು ಮೂರು ಸಲ ಊಟದಲ್ಲಿ ಉಂಡರೆ ವರ್ಷವಿಡೀ ರಕ್ತ ಶುದ್ಧವಾಗಿರುತ್ತದೆ ಎಂಬ ನಂಬಿಕೆ ಸಾರ್ವತ್ರಿಕ. ಚಳಿಗಾಲವೆಲ್ಲ ಆಲೂಗಡ್ಡೆಯಲ್ಲೇ ಕಳೆದ ದೇಹಕ್ಕೆ ಹಸಿರು ಸೊಪ್ಪು ಹಿತವಾಗಿದ್ದರೆ ಆಶ್ಚರ್ಯವೇನಿಲ್ಲ.

ಮಲ್ಲೀನ್ ಎಂಬ ತುಪ್ಪುಳೆಲೆಯ ಗಿಡದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇದರ ಎಲೆಯನ್ನು ಹಾಲಿನಲ್ಲಿ ಕುದಿಸಿ ಕ್ಷಯರೋಗಿಗಳಿಗೆ ಕುಡಿಸುವುದು ಐರ್ಲೆಂಡಿನಲ್ಲಿ ಬಹಳ ಬಳಕೆಯಲ್ಲಿತ್ತು. ಅದಕ್ಕಾಗಿಯೇ ಗಿಡವನ್ನು ಮನೆಯಂಗಳದಲ್ಲಿ ಬೆಳೆಸುತ್ತಿದ್ದರು. ಕಾಖ್ ಕ್ಷಯದ ಸೂಕ್ಷ್ಮಜೀವಿಯನ್ನು ಲೋಕಕ್ಕೆ ತೋರಿಸಿದ್ದು 1882ರಲ್ಲಿ. ಮರುವರ್ಷ ಡಬ್ಲಿನ್ನಿನ ವೈದ್ಯ ಕ್ವಿನ್ಲನ್ ಈ ಮಲ್ಲೀನ್ ಹಾಲನ್ನು ತಮ್ಮ ರೋಗಿಗಳಿಗೆ ಕೊಟ್ಟು, ಅವರ ತೂಕವನ್ನು ಅಳೆದು, ಫಲಿತಾಂಶವನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗದ ಮೊದಲ ಹಂತದಲ್ಲಿದ್ದವರ ಕೆಮ್ಮು ತಗ್ಗಿ ತೂಕ ಏರಿದುದನ್ನು ಅವರು ಕಂಡರು. ರೋಗ ಬಲಿತವರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ತೂಕ ಏರಿದ್ದು ಎಲೆಯಿಂದಲೋ ಹಾಲಿನಿಂದಲೋ ಎಂಬ ಪ್ರಶ್ನೆ ಇಂದಿನ ಓದುಗನಿಗೆ ಏಳದಿರದು. ಅದೇನೇ ಇರಲಿ, ಹಳ್ಳಿಯ ಮದ್ದನ್ನು ಹೀಗಳೆಯದೆ, ಹಾಡಿ ಹೊಗಳದೆ, ತಕ್ಕಡಿಯಲ್ಲಿಟ್ಟು ನೋಡಿದ ಈ ಮನೋಧರ್ಮ ಆ ಕಾಲಕ್ಕೆ ಅಪರೂಪದ್ದು.

ಹಸು: ಮನೆಯ ಆಧಾರ

ಪ್ರಾಚೀನ ಐರಿಶ್ ಕಾನೂನಿನಲ್ಲಿ ದಂಡ, ಮರ್ಯಾದೆ, ವಧುದಕ್ಷಿಣೆಗಳ ಲೆಕ್ಕವೆಲ್ಲ ಹಸುಗಳಲ್ಲಿಯೇ ನಡೆಯುತ್ತಿತ್ತು. 19ನೆಯ ಶತಮಾನದ ಸಣ್ಣ ಗೇಣಿದಾರನಿಗೂ ಹಸುವೆಂದರೆ ಬೆಣ್ಣೆ. ಬೆಣ್ಣೆಯೆಂದರೆ ಗೇಣಿಯ ಹಣ. ಎರಡೇ ಹಸುಗಳಿದ್ದ ಮನೆಯಲ್ಲಿ ಒಂದು ಸತ್ತರೆ ಗೇಣಿ ನಿಲ್ಲುತ್ತಿತ್ತು. ಗೇಣಿ ನಿಂತರೆ ಒಕ್ಕಲೆಬ್ಬಿಸುವ ನೋಟೀಸು ಬರುತ್ತಿತ್ತು. ಡಬ್ಲಿನ್ನಿನಲ್ಲಿ ಪಶುವೈದ್ಯ ಕಾಲೇಜು ಬಾಗಿಲು ತೆರೆದದ್ದೇ 1900ರಲ್ಲಿ. ಅಲ್ಲಿಯವರೆಗೆ, ಅದಾದ ಮೇಲೂ ಬಹುಕಾಲ, ದೂರದ ಹಳ್ಳಿಗಳಲ್ಲಿ ದನಗಳಿಗೆ ಇದ್ದವನು ಊರಿನ ದನದ ಮದ್ದಿನವನೊಬ್ಬನೇ.

ಅವನ ಮುಂದೆ ಬರುತ್ತಿದ್ದ ರೋಗಗಳು ನಿಜವಾದವು. ಉಣ್ಣೆಗಳು ಕಚ್ಚಿ ಹರಡುವ ರಕ್ತಮೂತ್ರ ರೋಗದಲ್ಲಿ ಹಸುವಿನ ಮೂತ್ರ ಕೆಂಪಾಗಿ ಅದು ಕೆಲವೇ ದಿನಗಳಲ್ಲಿ ಸಾಯಬಹುದು. ನಮ್ಮಲ್ಲಿ ಚಪ್ಪೆ ರೋಗವೆಂದು ಕರೆಯುವ ಬೇನೆ ಅಲ್ಲಿಯೂ ಎಳೆಯ ಪುಷ್ಟ ಪಶುಗಳನ್ನೇ ಹುಡುಕಿ ಕೊಲ್ಲುತ್ತಿತ್ತು. ಇದನ್ನು ತಡೆಯಲು ಗಂಗೆದೊಗಲಿನಲ್ಲಿ ಅಥವಾ ಬಾಲದಲ್ಲಿ ಸೀಳಿ ಬೆಳ್ಳುಳ್ಳಿ ಎಸಳನ್ನು ಸೇರಿಸಿ ಹೊಲಿಯುತ್ತಿದ್ದರು. ಕರುಗಳ ಶ್ವಾಸಕೋಶದ ಹುಳುಬಾಧೆಗೆ ಟರ್ಪೆಂಟೈನನ್ನು ಅಗಸೆಯೆಣ್ಣೆಯಲ್ಲಿ ಬೆರೆಸಿ ಕುಡಿಸುವುದು, ಮೂಗಿಗೆ ಹೊಗೆ ಹಾಕುವುದು ನಡೆಯುತ್ತಿತ್ತು.

‘ಬಾಲದ ಹುಳು’ ಎಂಬ ರೋಗ ಹೆಚ್ಚು ಕುತೂಹಲಕರ. ಚಳಿಗಾಲದ ಕೊನೆಯಲ್ಲಿ ಏಳಲಾರದೆ ಬಿದ್ದ ಹಸುವಿನ ಬಾಲವನ್ನು ಮದ್ದಿನವನು ಹಿಸುಕಿ ನೋಡುತ್ತಾನೆ. ತುದಿಯ ಬಳಿ ಒಂದು ಕಡೆ ಮೆತ್ತಗಿರುತ್ತದೆ. ಅಲ್ಲಿ ಹುಳು ಮೂಳೆಯನ್ನು ತಿಂದಿದೆ ಎಂದು ತೀರ್ಮಾನಿಸಿ, ಆ ಜಾಗವನ್ನು ಸೀಳಿ, ಬೆಳ್ಳುಳ್ಳಿ, ಉಪ್ಪು, ಮಸಿಗಳನ್ನು ತುಂಬಿ ಬಟ್ಟೆ ಕಟ್ಟುತ್ತಾನೆ. ಯುರೋಪಿನ ಬೇರೆ ಕಡೆಗಳಲ್ಲಿ, ಅಮೆರಿಕದಲ್ಲಿ ಇದನ್ನೇ ‘ಬಾಲದ ತೋಳ’ ಎನ್ನುತ್ತಿದ್ದರು. ಬಾಲದ ತುದಿಯಲ್ಲಿ ಮೂಳೆ ಮುಗಿದು ಮೆತ್ತಗಾಗುವುದು ಆರೋಗ್ಯವಂತ ಹಸುವಿನಲ್ಲೂ ಇದ್ದದ್ದೇ. ಹಸು ಬಿದ್ದದ್ದು ಮೇವಿನ ಕೊರತೆಯಿಂದ. ಹಾಗಿದ್ದರೂ ಚಿಕಿತ್ಸೆ ಕೆಲವೊಮ್ಮೆ ಫಲಿಸಿದಂತೆ ಕಾಣುತ್ತಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬಿದ್ದ ಹಸುವಿಗೆ ಬೆಚ್ಚಗಿನ ಓಟ್ ಗಂಜಿ ಕುಡಿಸುವುದು ವಾಡಿಕೆಯಾಗಿತ್ತು, ಅಷ್ಟರಲ್ಲಿ ಹೊಸ ಹುಲ್ಲೂ ಚಿಗುರುತ್ತಿತ್ತು. ಗಂಜಿಗೂ ಹುಲ್ಲಿಗೂ ಸಲ್ಲಬೇಕಾದ ಯಶಸ್ಸು ಬೆಳ್ಳುಳ್ಳಿಗೆ ಸಂದಿತು. ಮದ್ದಿನವನು ಮೋಸಗಾರನಾಗಿರಬೇಕಿಲ್ಲ. ಅವನೂ ಇದನ್ನು ನಂಬಿದ್ದನು.

ಹೊಟ್ಟೆಶೂಲೆಯಿಂದ ಹೊರಳಾಡುವ ದನಕ್ಕೆ ‘ಹುಳುವಿನ ಗಂಟು’ ಎಂಬ ಉಪಾಯವಿತ್ತು. ಹಗ್ಗದಲ್ಲಿ ಒಂದು ಬಗೆಯ ಸಿಕ್ಕುಗಂಟನ್ನು ಹಾಕಿ, ದನದ ಬೆನ್ನಿನ ಮೇಲೆ ಹಿಡಿದು, ಎರಡೂ ತುದಿಗಳನ್ನು ಎಳೆಯುವುದು. ಹೀಗೆ ಮೂರು ಸಲ. ಗಂಟು ಸಲೀಸಾಗಿ ಬಿಚ್ಚಿಕೊಂಡರೆ ದನ ಬದುಕುತ್ತದೆ. ತೊಡಕಿದರೆ ಇಲ್ಲ. ಕರುಳಿನ ತೊಡಕೂ ಹಗ್ಗದ ತೊಡಕೂ ಒಂದನ್ನೊಂದು ಹೋಲುವ ಈ ಕ್ರಿಯೆ ಚಿಕಿತ್ಸೆಯೂ ಹೌದು, ಮುನ್ಸೂಚನೆಯೂ ಹೌದು. ತೊಡಕಿದ ಗಂಟು ಒಡೆಯನನ್ನು ನಷ್ಟಕ್ಕೆ ಅಣಿಗೊಳಿಸುತ್ತಿತ್ತು. ಅನುಕರಣಾತ್ಮಕ ಮಾಂತ್ರಿಕತೆ ಎಂಬ ಹಣೆಪಟ್ಟಿ ಹಚ್ಚಿ ಕೈತೊಳೆದುಕೊಂಡರೆ ಈ ಕೊನೆಯ ಅಂಶ ಬಿಟ್ಟುಹೋಗುತ್ತದೆ.

ದಿಢೀರನೆ ಮಂಕಾಗಿ ಮೇವು ಬಿಟ್ಟ ಹಸುವಿಗೆ ಯಕ್ಷಿಣಿಗಳ ಬಾಣ ತಗುಲಿದೆ ಎಂದು ಭಾವಿಸುವುದೂ ಇತ್ತು. ಮದ್ದಿನವನು ಹಸುವಿನ ಮೈಯನ್ನು ಮೊಳಕೈಯಿಂದ ಅಳೆದು, ಚರ್ಮದಡಿಯ ಕುಳಿಗಳಿಗಾಗಿ ತಡವಿ ನೋಡಿ ರೋಗವನ್ನು ನಿರ್ಧರಿಸುತ್ತಿದ್ದನು. ಬಳಿಕ ಬಾಣದ ಮೊನೆ, ಉಪ್ಪು, ನಾಣ್ಯಗಳನ್ನು ಹಾಕಿದ ನೀರನ್ನು ಹಸುವಿಗೆ ಕುಡಿಸುತ್ತಿದ್ದನು. ಈ ಮೊನೆಗಳು ಉಳುಮೆಯಲ್ಲಿ ಸಿಕ್ಕ ಪ್ರಾಗೈತಿಹಾಸಿಕ ಕಾಲದ ಕಲ್ಲಿನ ಬಾಣದ ತುದಿಗಳು. ಮದ್ದಿನ ಸಾಮಗ್ರಿಯೆಂದು ತಲೆಮಾರುಗಳ ಕಾಲ ಜೋಪಾನವಾಗಿ ಕಾಪಾಡಿಕೊಂಡು ಬಂದದ್ದರಿಂದಲೇ ಇಂಥ ಕೆಲವು ಮೊನೆಗಳು ಇತಿಹಾಸಕ್ಕೂ ಉಳಿದವು.

ಹಸುವಿನ ರಕ್ಷಣೆ ಪಂಚಾಂಗಕ್ಕೂ ಹೊಂದಿಕೊಂಡಿತ್ತು. ಜನವರಿ 31ರ ರಾತ್ರಿ, ಸಂತ ಬ್ರಿಜಿಡ್ ಹಬ್ಬದ ಮುನ್ನಾದಿನ, ಒಂದು ಬಟ್ಟೆಯನ್ನು ಮನೆಯ ಹೊರಗೆ ಇಡುತ್ತಿದ್ದರು. ಸಂತಳು ಹಾದುಹೋಗುವಾಗ ಮುಟ್ಟಿದಳೆಂದು ನಂಬಿ, ಅದನ್ನು ವರ್ಷವಿಡೀ ಮನೆಯವರ ತಲೆನೋವಿಗೆ ಕಟ್ಟುತ್ತಿದ್ದರು, ಕರು ಹಾಕುವ ಹಸುವಿನ ಬೆನ್ನಿಗೂ ಹೊದಿಸುತ್ತಿದ್ದರು. ಒಂದೇ ಬಟ್ಟೆ ಮನುಷ್ಯರಿಗೂ ಹಸುವಿಗೂ. ಜೂನ್ 23ರ ಸಂತ ಯೋಹಾನನ ಹಬ್ಬದ ಬೆಂಕಿಯ ಕೆಂಡಗಳ ಬಳಿ ದನಗಳನ್ನು ಹಾಯಿಸುತ್ತಿದ್ದರು. ಮೇ ತಿಂಗಳ ಮೊದಲ ದಿನ ಮಾತ್ರ ಅಂಜಿಕೆಯ ದಿನ. ಅಂದು ನೆರೆಯವರು ಮಾಟದಿಂದ ಬೆಣ್ಣೆಯನ್ನು ಕದಿಯುತ್ತಾರೆ ಎಂಬ ಭಯದಿಂದ ಮನೆಯಿಂದ ಬೆಂಕಿಯನ್ನೂ ಹಾಲನ್ನೂ ಯಾರಿಗೂ ಕೊಡುತ್ತಿರಲಿಲ್ಲ. ಪರರ ಅದೃಷ್ಟವನ್ನು ಸೆಳೆದುಕೊಳ್ಳಲು ಅವರ ಹುಲ್ಲಿನಲ್ಲಿ ಮೊಟ್ಟೆ ಅಥವಾ ಮಾಂಸವನ್ನು ಅಡಗಿಸಿಡುವ ಮಾಟಕ್ಕೆ ‘ಪಿಶೋಗ್’ ಎನ್ನುತ್ತಾರೆ. ದನದ ಮದ್ದಿನವನು ರೋಗದ ಕಾರಣವನ್ನು ನೆರೆಮನೆಯ ಕಡೆ ಬೊಟ್ಟುಮಾಡಿ ತೋರಿದಾಗ ವೈದ್ಯ ಮುಗಿದು ವೈರ ಮೊದಲಾಗುತ್ತಿತ್ತು.

ಡಬ್ಲಿನ್ನಿನ ಪಶುವೈದ್ಯ ವಿದ್ವಾಂಸ ಮೈಕೇಲ್ ಡೊಹರ್ಟಿ ಜಾನಪದ ಸಂಗ್ರಹದ ಇಂಥ ದಾಖಲೆಗಳನ್ನು ಪಶುವೈದ್ಯನ ಕಣ್ಣಿನಿಂದ ಓದಿ 2001ರಲ್ಲಿ ಐರಿಶ್ ಜಾನಪದ ಸಂಘದ ಪತ್ರಿಕೆಯಲ್ಲಿ ದೀರ್ಘ ಲೇಖನ ಪ್ರಕಟಿಸಿದರು. ಮನುಷ್ಯರ ಮದ್ದುಗಳ ಮೇಲೆ ವೈದ್ಯ ಪ್ಯಾಟ್ರಿಕ್ ಲೋಗನ್ 1972ರಲ್ಲಿಯೇ ಪುಸ್ತಕ ಬರೆದಿದ್ದರು. ಬ್ರಿಟನ್ ಮತ್ತು ಐರ್ಲೆಂಡಿನ ಜನಪದ ಔಷಧ ಸಸ್ಯಗಳ ಸಮಗ್ರ ಸಮೀಕ್ಷೆಯನ್ನು ಅಲೆನ್ ಮತ್ತು ಹ್ಯಾಟ್‌ಫೀಲ್ಡ್ 2004ರಲ್ಲಿ ಹೊರತಂದರು. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ಮನುಷ್ಯರಿಗೂ ದನಗಳಿಗೂ ಒಂದೇ ಸೊಪ್ಪು, ಒಂದೇ ಮಾತು, ಒಂದೇ ನಿಯಮ ಎಷ್ಟು ಸಲ ಮರುಕಳಿಸುತ್ತವೆ ಎಂಬುದು ಮನದಟ್ಟಾಗುತ್ತದೆ.

ಮಂತ್ರದ ಮಾತು

ಕುದುರೆಯ ಕಾಲು ಉಳುಕಿದಾಗ ಹೇಳುವ ಮಂತ್ರದಲ್ಲಿ ಕ್ರಿಸ್ತನೋ ಸಂತರೋ ಕುದುರೆ ಏರಿ ಹೋಗುವಾಗ ಅದರ ಕಾಲು ಉಳುಕುತ್ತದೆ. ಅವರು ಇಳಿದು ಮೂಳೆಗೆ ಮೂಳೆಯನ್ನು, ನರಕ್ಕೆ ನರವನ್ನು ಕೂಡಿಸುತ್ತಾರೆ. ಇದೇ ಮಂತ್ರ ಮನುಷ್ಯರ ಉಳುಕಿಗೂ ಸಲ್ಲುತ್ತದೆ. ಇದೇ ಕಟ್ಟಿನ ಮಂತ್ರವೊಂದು ಜರ್ಮನಿಯ ಮೆರ್ಸೆಬರ್ಗ್‌ನ 10ನೆಯ ಶತಮಾನದ ಬರಹದಲ್ಲಿ ಕ್ರಿಸ್ತಪೂರ್ವ ದೇವತೆಗಳ ಹೆಸರಿನಲ್ಲಿ ಸಿಕ್ಕಿದೆ. ಅಥರ್ವವೇದದ 4ನೆಯ ಕಾಂಡದ 12ನೆಯ ಸೂಕ್ತ ರೋಹಿಣಿ ಎಂಬ ಮೂಲಿಕೆಯನ್ನು ಸಂಬೋಧಿಸಿ ಮಜ್ಜೆ, ಚರ್ಮ, ಮಾಂಸಗಳನ್ನು ಹೀಗೆಯೇ ಒಂದಕ್ಕೊಂದು ಕೂಡಿಸುತ್ತದೆ. ಈ ಸಾಮ್ಯವನ್ನು ಮೊದಲು ವಿವರಿಸಿದವರು ಜರ್ಮನ್ ವಿದ್ವಾಂಸ ಆಡಾಲ್ಬರ್ಟ್ ಕೂನ್, 1864ರಲ್ಲಿ. ಐರ್ಲೆಂಡಿನ ಪುರಾಣದಲ್ಲಿಯೂ ಮೇಲೆ ಹೇಳಿದ ಮಿಯಾಕ್, ರಾಜ ನುವಾದನ ಕಡಿದ ಕೈಯನ್ನು ಕೀಲಿಗೆ ಕೀಲು ಸೇರಿಸುವ ಇಂಥದೇ ಮಾತಿನಿಂದ ಮರಳಿ ಜೋಡಿಸುತ್ತಾನೆ. ಇದರಿಂದ ಐರಿಶ್ ದನದ ಮದ್ದಿನವನು ವೈದಿಕ ಋಷಿಯ ವಾರಸುದಾರನೆಂದು ಸಾರಲು ಹೊರಡುವುದು ಅವಸರದ ಮಾತು. ಮು ರಿದದ್ದನ್ನು ಕೂಡಿಸುವ ಕೈಯ ಕ್ರಮವನ್ನು ಮಾತು ಹಿಂಬಾಲಿಸುವುದು ಎಲ್ಲಿಯೂ ಸಹಜ. ಆದರೂ ಮೂರು ಕಡೆಯೂ ಮಾತಿನ ಕಟ್ಟು ಇಷ್ಟು ಹತ್ತಿರವಾಗಿರುವುದು ಭಾರತೀಯ ಓದುಗನ ಗಮನಕ್ಕೆ ಅರ್ಹ.

1895ರ ಒಂದು ಸಾವು

ಜನಪದ ವೈದ್ಯವನ್ನು ಕೊಂಡಾಡುವ ಬರಹಗಳಲ್ಲಿ ಬ್ರಿಜೆಟ್ ಕ್ಲಿಯರಿಯ ಹೆಸರು ಅಪರೂಪಕ್ಕೆ ಬರುತ್ತದೆ. ಟಿಪೆರೆರಿ ಕೌಂಟಿಯ ಬ್ಯಾಲಿವಾಡ್ಲಿಯ ಈಕೆ 26ರ ಆಸುಪಾಸಿನ ಹೆಣ್ಣುಮಗಳು, ಹೊಲಿಗೆಯಿಂದ ಸಂಪಾದಿಸುತ್ತಿದ್ದಳು. 1895ರ ಮಾರ್ಚಿಯಲ್ಲಿ ಕಾಯಿಲೆ ಬಿದ್ದಳು. ವೈದ್ಯರು ಬಂದು ನೋಡಿದರು, ಪಾದ್ರಿಯೂ ಬಂದರು. ಆದರೆ ಗಂಡ ಮೈಕೇಲ್, ಇವಳು ನನ್ನ ಹೆಂಡತಿಯಲ್ಲ, ಯಕ್ಷಿಣಿಗಳು ಅವಳನ್ನು ಒಯ್ದು ಅವಳ ರೂಪದ ಬದಲಿಯನ್ನು ಇಟ್ಟಿವೆ ಎಂದು ನಂಬಿದನು. ಮೂಲಿಕೆಯವನಿಂದ ತಂದ ಸೊಪ್ಪನ್ನು ಹಾಲಿನಲ್ಲಿ ಕುದಿಸಿ, ನೆಂಟರು ಕೈಕಾಲು ಹಿಡಿದಿರಲು, ಬಲವಂತವಾಗಿ ಕುಡಿಸಿದರು. ಕೊನೆಗೆ ಒಲೆಯ ಮುಂದೆ ಗಂಡ ಅವಳನ್ನು ಸುಟ್ಟನು. ನ್ಯಾಯಾಲಯ ಅವನಿಗೆ ನರಹತ್ಯೆಗಾಗಿ 20 ವರ್ಷಗಳ ಕಠಿಣ ಸಜೆ ವಿಧಿಸಿತು. ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬಾರದೆನ್ನುವವರು ಈ ಪ್ರಕರಣವನ್ನು ತಮ್ಮ ವಾದಕ್ಕೆ ಬಳಸಿಕೊಂಡರು. ಆಂಜೆಲಾ ಬರ್ಕ್ 1999ರಲ್ಲಿ ಬರೆದ ಅಧ್ಯಯನ ಇದೆಲ್ಲವನ್ನೂ ಬಿಡಿಸಿ ತೋರಿಸಿದೆ: ಮಕ್ಕಳಿಲ್ಲದ, ಸ್ವಂತ ದುಡಿಮೆಯಿದ್ದ ಹೆಣ್ಣಿನ ಬಗೆಗಿನ ಅಸಹನೆ ಯಕ್ಷಿಣಿಗಳ ಭಾಷೆಯನ್ನು ಎರವಲು ಪಡೆದಿತ್ತು.

ಬದಲಿ ಮಗುವೆಂದು ಶಂಕಿಸಿದ ಎಳೆಯ ಕೂಸುಗಳಿಗೆ ‘ಲುಸ್ ಮೋರ್’, ಅಂದರೆ ಫಾಕ್ಸ್‌ಗ್ಲವ್ ಗಿಡದ ರಸ ಹಾಕುತ್ತಿದ್ದುದೂ ದಾಖಲಾಗಿದೆ. ಇದು ಹೃದಯವನ್ನು ನಿಲ್ಲಿಸಬಲ್ಲ ವಿಷ. ಇದೇ ಗಿಡದಿಂದ ಹೃದ್ರೋಗಕ್ಕೆ ಮದ್ದು ಪಡೆಯುವ ಕ್ರಮವನ್ನು ಇಂಗ್ಲೆಂಡಿನ ವೈದ್ಯ ವಿದರಿಂಗ್ 1785ರಲ್ಲಿ ಪ್ರಕಟಿಸಿದ್ದರು. ಅವರಿಗೆ ಅದರ ಸುಳಿವು ದೊರೆತದ್ದು ಒಬ್ಬ ಹಳ್ಳಿಯ ಮುದುಕಿ ಬಳಸುತ್ತಿದ್ದ ಮನೆಮದ್ದಿನಿಂದ. ಹಣ ಮುಟ್ಟದ, ವಂದನೆ ಬಯಸದ ಪಾಲಕನ ಚಿತ್ರದ ಪಕ್ಕದಲ್ಲಿ ಕೈಕಾಲು ಹಿಡಿದು ನಿಂತ ನೆಂಟರ ಚಿತ್ರವನ್ನೂ ಸಂಶೋಧಕ ಇಟ್ಟುಕೊಂಡೇ ಬರೆಯಬೇಕು.

ಬೋಹೋ ಗ್ರಾಮದ ಮಣ್ಣು

ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯಲ್ಲಿ ಬೋಹೋ ಎಂಬ ಸಣ್ಣ ಊರಿದೆ. ಅಲ್ಲಿನ ಚರ್ಚಿನ ಅಂಗಳದಲ್ಲಿ 1815ರಲ್ಲಿ ತೀರಿಕೊಂಡ ಪಾದ್ರಿ ಜೇಮ್ಸ್ ಮೆಕ್‌ಗರ್ ಅವರ ಸಮಾಧಿಯಿದೆ. ತಾವು ಬದುಕಿದ್ದಾಗ ಗುಣಪಡಿಸಿದ್ದನ್ನೆಲ್ಲ ತಮ್ಮ ಮೇಲಿನ ಮಣ್ಣು ಗುಣಪಡಿಸುವುದೆಂದು ಅವರು ಹೇಳಿದ್ದರು ಎಂಬ ಐತಿಹ್ಯವಿದೆ. ಜನರು ಒಂದು ಚಿಟಿಕೆ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ದಿಂಬಿನಡಿ ಇಟ್ಟು ಮಲಗುತ್ತಾರೆ. ನಾಲ್ಕು ದಿನಗಳೊಳಗೆ ಅದನ್ನು ಸಮಾಧಿಗೇ ಮರಳಿಸಬೇಕು.

ಈ ಪ್ರದೇಶದ ನಂಟಿದ್ದ ಸೂಕ್ಷ್ಮಜೀವಿ ವಿಜ್ಞಾನಿ ಗೆರಿ ಕ್ವಿನ್ ಮತ್ತು ಸ್ವಾನ್ಸಿ ವಿಶ್ವವಿದ್ಯಾಲಯದ ಸಹೋದ್ಯೋಗಿಗಳು ಈ ಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಕುಲದ ಹೊಸ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ 2018ರಲ್ಲಿ ವರದಿ ಮಾಡಿದರು. ಪ್ರತಿಜೈವಿಕಗಳಿಗೆ ಬಗ್ಗದ ಮುಖ್ಯ ರೋಗಾಣುಗಳಲ್ಲಿ ಕೆಲವನ್ನು ಅದು ಪ್ರಯೋಗಾಲಯದಲ್ಲಿ ತಡೆಯಿತು. ಜಗತ್ತಿನ ಪತ್ರಿಕೆಗಳು ‘ಜನಪದ ಮದ್ದು ನಿಜವಾಯಿತು’ ಎಂಬ ಧಾಟಿಯಲ್ಲಿ ಬರೆದವು. ಈ ಉತ್ಸಾಹವನ್ನು ಸ್ವಲ್ಪ ತಡೆದುಕೊಳ್ಳುವುದು ಮೇಲು. ಮೊದಲನೆಯದಾಗಿ, ಸ್ಟ್ರೆಪ್ಟೊಮೈಸಿಸ್ ಕುಲದ ಜೀವಿಗಳು ಜಗತ್ತಿನ ಬಹಳ ಮಣ್ಣುಗಳಲ್ಲಿವೆ, ನಮಗೆ ತಿಳಿದಿರುವ ಪ್ರತಿಜೈವಿಕಗಳಲ್ಲಿ ದೊಡ್ಡ ಪಾಲು ಬಂದದ್ದೇ ಅವುಗಳಿಂದ. ಎರಡನೆಯದಾಗಿ, ಬಟ್ಟೆಯಲ್ಲಿ ಕಟ್ಟಿ ದಿಂಬಿನಡಿ ಇಟ್ಟ ಮಣ್ಣು ಗಾಯವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಪ್ರಯೋಗಾಲಯದ ಫಲಿತಾಂಶ ಬೋಹೋ ಆಚರಣೆಯನ್ನು ಸಮರ್ಥಿಸುವುದೂ ಇಲ್ಲ, ಖಂಡಿಸುವುದೂ ಇಲ್ಲ. ಮಣ್ಣನ್ನು ಮರಳಿಸಬೇಕೆಂಬ ನಿಯಮಕ್ಕೆ ಬ್ಯಾಕ್ಟೀರಿಯದಲ್ಲಿ ವಿವರಣೆಯಿಲ್ಲ. ಹಣ ಮುಟ್ಟದಿರುವುದು, ವಂದನೆ ಹೇಳದಿರುವುದು, ಕೊಟ್ಟ ಮೇಲೆ ತನ್ನಲ್ಲಿ ಉಳಿಯದಿರುವುದು ಎಂಬ ನಿಯಮಗಳ ಸಾಲಿನಲ್ಲಿ ಮಾತ್ರ ಅದು ಅರ್ಥವಾಗುತ್ತದೆ. ಪಾದ್ರಿಯಲ್ಲಿದ್ದ ಕ್ಯೂರ್ ಈಗ ಆ ಮಣ್ಣಿನಲ್ಲಿದೆ, ಒಯ್ಯುವವರು ಅದನ್ನು ಕಡ ತರುತ್ತಾರೆ ಅಷ್ಟೆ.

ಈ ದಿಕ್ಕಿನಲ್ಲಿ ಕೆಲಸ ಮಾಡಬಯಸುವವರಿಗೆ ಆಕರಗಳು ಈಗ ಸುಲಭವಾಗಿ ಸಿಗುತ್ತವೆ. ಶಾಲಾ ಸಂಗ್ರಹದ ಪುಟಗಳನ್ನು ‘ದೂಖಸ್’ ಎಂಬ ಅಂತರ್ಜಾಲ ತಾಣದಲ್ಲಿ ಹಂತಹಂತವಾಗಿ ತೆರೆದಿಡಲಾಗಿದೆ. ಮಕ್ಕಳ ಕೈಬರಹವನ್ನು ಅಕ್ಷರಕ್ಕಿಳಿಸುವ ಕೆಲಸವನ್ನು ಸ್ವಯಂಸೇವಕರು ಮಾಡುತ್ತಿದ್ದಾರೆ. ಈ ತಂಡಕ್ಕೆ ‘ಮೆಹಲ್’ ಎಂಬ ಹೆಸರಿಟ್ಟಿದ್ದಾರೆ. ಸುಗ್ಗಿಯಲ್ಲಿ ಒಬ್ಬರ ಹೊಲಕ್ಕೆ ಮತ್ತೊಬ್ಬರು ಹೋಗಿ ದುಡಿಯುವ ಮುಯ್ಯಾಳು ಪದ್ಧತಿಗೆ ಐರಿಶ್ ಭಾಷೆಯಲ್ಲಿರುವ ಮಾತು ಅದು. ದನಗಳ ಮದ್ದನ್ನು ಹುಡುಕುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಯೋಜನೆಯ ವಿಷಯಪಟ್ಟಿಯಲ್ಲಿ ಅವುಗಳಿಗೆ ಪ್ರತ್ಯೇಕ ಶೀರ್ಷಿಕೆಯಿಲ್ಲ. ‘ಸ್ಥಳೀಯ ಮದ್ದುಗಳು’, ‘ಮೂಲಿಕೆಗಳು’, ‘ಸಾಕುಪ್ರಾಣಿಗಳ ಆರೈಕೆ’ ಎಂಬ ಮೂರು ಶೀರ್ಷಿಕೆಗಳಡಿ ಅವು ಚದುರಿವೆ, ಹಬ್ಬಗಳ ವಿವರಗಳಲ್ಲಿಯೂ ಅಲ್ಲಲ್ಲಿ ಸಿಗುತ್ತವೆ.